ಬಾಗಿಲಿಗೆ ಬಂದ ಚೆಂಬು

"ಅಜ್ಜಿ, ಅದು ಬೀಟ್‌ರೂಟ್ ತೊಳೆದ ನೀರಿರ್ಬೇಕು," ಎಂದಳು ಹರ್ಷಿತಾ.

ಹೊನ್ನಕ್ಕಜ್ಜಿ ಚರಂಡಿಯತ್ತ ಬಗ್ಗಿ ನೋಡಿದರು. ನೀರು ಕಡುಗೆಂಪಗೆ, ಯಾವ ಆತುರವೂ ಇಲ್ಲದೆ ಕೆರೆಯ ಕಡೆ ಹರಿಯುತ್ತಿತ್ತು.

"ಹೂಂ. ಯಾರೋ ಊರಿಗೆಲ್ಲ ಪಲ್ಯ ಮಾಡ್ತಾ ಅವ್ರೆ," ಎಂದರು ಅಜ್ಜಿ. "ಮೊನ್ನೆ ಹಸಿರು ಬಂತಲ್ಲ, ಅದು ಕೊತ್ತಂಬರಿ ಚಟ್ನಿ ಇರ್ಬೇಕು."

ಊರಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ ಒಂದೇ. ಅದು ಹರ್ಷಿತಾಳದು. ಅವಳಪ್ಪ ಓಬಳೇಶ್ ಇವತ್ತು ಯಾವ ಬಣ್ಣ ಕಲಸಿದ್ದಾನೆ ಅನ್ನೋದು ಚರಂಡಿಗೆ ಗೊತ್ತಾಗುತ್ತಿತ್ತು. ಚರಂಡಿ ಅದನ್ನು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಮೀನು ಸತ್ತು ತೇಲಿದ ಮೇಲೆ ಊರವರು ಕೂತು ಮಾತಾಡಿಕೊಂಡಿದ್ದರು. ದಿನಕ್ಕೊಂದು ಮನೆಯವರು ಕೆರೆ ಕಾಯಬೇಕು. ಕೊಳಕು ನೀರು ಬಂದರೆ ಬೈಯುವಂತಿಲ್ಲ, ಜಗಳ ಆಡುವಂತಿಲ್ಲ. ಅದೇ ನೀರನ್ನು ಚೆಂಬಿನಲ್ಲಿ ತುಂಬಿ, ಕಳಿಸಿದವರ ಬಾಗಿಲಲ್ಲಿಟ್ಟು ಬರಬೇಕು. ಬೈದರೆ ತಿರುಗಿ ಬೈಯಬಹುದು. ಚೆಂಬಿಗೆ ಏನಂತ ಹೇಳೋದು? ಚೆಂಬು ಬಂದ ಮನೆಯವರು ಒಂದಷ್ಟು ದಿನ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದರು.

ಓಬಳೇಶನ ಬಾಗಿಲಿಗೆ ಮಾತ್ರ ಇನ್ನೂ ಚೆಂಬು ಹೋಗಿರಲಿಲ್ಲ. ಊರಿನ ಮಗ್ಗಗಳಿಗೆ ಅವನ ನೂಲೇ ಆಗಬೇಕು. ಹಾಗಾಗಿ ಬಣ್ಣದ ನೀರು ಬರುವ ಹೊತ್ತಿಗೆ ಸರಿಯಾಗಿ ಕಾಯುವವರ ಕಣ್ಣಿಗೆ ಕಸ ಬೀಳುತ್ತಿತ್ತು.

ಇವತ್ತು ಹರ್ಷಿತಾಳ ಮನೆಯದೇ ಸರದಿ. ಅವ್ವ ಚಳ್ಳಕೆರೆಗೆ ಹೋಗಿದ್ದಳು. ಅವ್ವನ ಬದಲು ಹರ್ಷಿತಾ, ಅವಳ ಜೊತೆಗಿರಲಿ ಅಂತ ಪಕ್ಕದ ಮನೆಯ ಅಜ್ಜಿ.

"ಚೆಂಬು ನೀವೇ ಕೊಟ್ಟು ಬರ್ರಿ ಅಜ್ಜಿ."

"ನಮ್ಮ ಮಗ್ಗದಾಗೆ ಅರ್ಧ ಸೀರೆ ನಿಂತೈತೆ ಕಣವ್ವ. ನಿಮ್ಮಪ್ಪ ನೂಲು ಕೊಡ್ಬೇಕು." ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದರು. "ಅಲ್ಲದೆ ನಂಗೆ ಕನ್ನಡಕ ಇಲ್ಲ. ನಿಂಗೆ ಕಂಡೈತಾ, ಇಲ್ವಾ? ನೀನೇ ಹೇಳು."

ಕೆರೆಯಂಚಿನಲ್ಲಿ ಕೆಂಪು ನಿಧಾನವಾಗಿ ಅಗಲವಾಗುತ್ತಿತ್ತು. ಎಮ್ಮೆ ಕರುವೊಂದು ನೀರು ಕುಡಿಯಲು ಬಂತು. ಮೂಸಿತು. ಕುಡಿಯದೆ ಹಿಂದಕ್ಕೆ ಸರಿಯಿತು.

"ಕಂಡೈತೆ," ಎಂದಳು ಹರ್ಷಿತಾ.

ಚೆಂಬು ತುಂಬಿಕೊಂಡು ಹೊರಟವಳನ್ನು ಬೀದಿಯಲ್ಲಿ ಅಂಗಡಿ ಹುಲಿಯಪ್ಪ ತಡೆದ. ಅವನು ವ್ಯಾಪಾರಕ್ಕೆ ಕನ್ನಡ, ಖುಷಿಯಾದಾಗ ತೆಲುಗು ಆಡುವವನು. "ಎಕ್ಕಡಿಕಮ್ಮಾ? ಎಲ್ಲಿಗೆ, ಚೆಂಬು ಯಾರ ಮನೆಗೆ?"

"ನಮ್ಮನೆಗೆ."

ಹುಲಿಯಪ್ಪ ನಗಲೆಂದು ಆಗಲೇ ಬಾಯಿ ತೆರೆದಿದ್ದ. ಅದನ್ನು ಮುಚ್ಚಿಕೊಂಡು ಬಿಸ್ಕತ್ ಡಬ್ಬಿ ಒರೆಸತೊಡಗಿದ.

ಅಪ್ಪ ಹಿತ್ತಲಲ್ಲಿ ಕೆಂಪು ನೂಲಿನ ಲಡಿಗಳನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದ. ಹರ್ಷಿತಾ ಚೆಂಬನ್ನು ಹೊಸ್ತಿಲ ಹತ್ತಿರ ಇಟ್ಟಳು. ಅಪ್ಪ ಬೆವರು ಒರೆಸಿಕೊಳ್ಳುತ್ತ ಬಂದ.

"ನೀರು ತಂದ್ಯಾ? ಬಾಯಿ ಒಣಗಿತ್ತು ನೋಡು." ಚೆಂಬು ಎತ್ತಿಯೇಬಿಟ್ಟ.

"ಕುಡೀಬೇಡಪ್ಪ. ಚರಂಡೀದು."

ಅಪ್ಪ ಚೆಂಬಿನೊಳಗೆ ನೋಡಿದ. ಅವನ ಕೈಗೂ ಅದೇ ಬಣ್ಣ.

"ಯಾರು ಕಳಿಸಿದ್ರು?"

"ಯಾರೂ ಇಲ್ಲ. ಇವತ್ತು ನಮ್ಮನೆ ಸರದಿ. ನಾನೇ ತಂದೆ."

ಅಪ್ಪ ಚೆಂಬನ್ನು ಮೆಲ್ಲಗೆ ಹೊಸ್ತಿಲ ಮೇಲಿಟ್ಟ. ಬೈದಿದ್ದರೆ ವಾಸಿ ಅನ್ನಿಸಿತು ಅವಳಿಗೆ.

ಬಣ್ಣದ ನೀರು ಒಣಗಿಸಲೆಂದು ಊರವರು ಊರಾಚೆ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದರು. ಇಲ್ಲಿಯವರೆಗೆ ಅದರಲ್ಲಿ ನಾಯಿಗಳು ಮಲಗುತ್ತಿದ್ದವು, ಅಷ್ಟೇ.

"ಅಷ್ಟು ದೂರ ಯಾರು ಹೊರ್ತಾರೆ ಅಂತಿದ್ದೆ," ಎಂದ ಅಪ್ಪ, ತನಗೇ ಹೇಳಿಕೊಳ್ಳುವಂತೆ. ಹಂಡೆಯಲ್ಲಿ ಉಳಿದಿದ್ದ ಕೆಂಪು ನೀರನ್ನು ಬಕೆಟ್ಟಿಗೆ ಬಗ್ಗಿಸಿದ.

"ಒಂದು ಕಡೆ ನಾನು ಹಿಡೀತೀನಿ," ಎಂದಳು ಹರ್ಷಿತಾ.

ಬೀದಿ ಮುಗಿಯುವ ಮೊದಲೇ ಬಕೆಟ್ಟಿನ ಹಿಡಿ ಅವಳ ಕೈಯನ್ನು ಕೊಯ್ಯತೊಡಗಿತು. ಭುಜ ಜಗ್ಗಿತು. ಹೆಜ್ಜೆಗೊಮ್ಮೆ ನೀರು ತುಳುಕಿ ಫ್ರಾಕಿಗೆ ಸಿಡಿಯಿತು. ತೊಟ್ಟಿ ಇನ್ನೂ ಕಾಣುತ್ತಲೂ ಇರಲಿಲ್ಲ. ಅವಳ ಕಾಲ ಪಕ್ಕದಲ್ಲೇ ಚರಂಡಿ ಇತ್ತು. ಬಗ್ಗಿಸಿದರೆ ಸಾಕು, ಕೈ ಖಾಲಿ.

ಹರ್ಷಿತಾ ಅಪ್ಪನ ಮುಖ ನೋಡಿದಳು. ಅಪ್ಪನೂ ಚರಂಡಿಯನ್ನೇ ನೋಡುತ್ತಿದ್ದ.

ಇಬ್ಬರೂ ಬಕೆಟ್ ಇಳಿಸಿದರು.

"ಕೈ ಬದಲಾಯಿಸೋಣ್ವಾ ಅಪ್ಪ?"

"ಹೂಂ," ಎಂದ ಅಪ್ಪ. ಆ ಕಡೆಯಿಂದ ಈ ಕಡೆಗೆ ಬಂದು, ಚರಂಡಿಯ ಪಕ್ಕ ತಾನು ನಿಂತು ಮತ್ತೆ ಹಿಡಿಗೆ ಕೈ ಹಾಕಿದ.