ಒಂಬತ್ತನೇ ವರಸೆ

ಏಳನೇ ಪೆಟ್ಟಿಗೆ ಸಿಗಬೇಕು, ಅದೂ ಇವತ್ತು ಸಂಜೆಯೊಳಗೆ. ನಾಳೆ ಬೆಳಿಗ್ಗೆ ಕಡಲ ತಡೆಗೋಡೆಯ ಆ ತುಂಡಿಗೆ ಕಾಂಕ್ರೀಟ್ ಸುರಿಯುತ್ತಾರೆ. ಆಮೇಲೆ ಬ್ರಹ್ಮ ಬಂದರೂ ಅದನ್ನು ಹೊರತೆಗೆಯಲಾರ.

ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಪೆಟ್ಟಿಗೆ ಬಚ್ಚಿಟ್ಟು ಸುಳಿವು ಬರೆಯುತ್ತಾರೆ. ಉಳಿದವರು ಫೋನು ತೋರಿಸಿದ ಜಾಗಕ್ಕೆ ಹೋಗಿ ಹುಡುಕಿ, ಒಳಗಿನ ಪುಸ್ತಕದಲ್ಲಿ ರುಜು ಹಾಕುತ್ತಾರೆ. ಇನ್ನೂರು ವರ್ಷದ ಆ ಗೋಡೆಯುದ್ದಕ್ಕೂ ಏಳು ಪೆಟ್ಟಿಗೆ ಇಟ್ಟವನು, ಊರೆಲ್ಲ ಸೂಜಿ ಎಂದು ಕರೆಯುವ ಹುಡುಗಿಯ ಅಪ್ಪ. ಮೂವತ್ತು ವರ್ಷ ಅದೇ ಗೋಡೆಗೆ ಗಾರೆ ಮೆತ್ತಿದ ಮೇಸ್ತ್ರಿ ಆತ. ಆರು ಸಿಕ್ಕಿದ್ದವು. ಏಳನೆಯದಕ್ಕೆ ಹೋದ ಒಂಬತ್ತು ತಂಡಗಳೂ ಬರಿಗೈಯಲ್ಲಿ ಮರಳಿದ್ದವು. ‘ಇಟ್ಟಿದ್ದರೆ ತಾನೇ ಸಿಗೋದು? ಮುದುಕ ಬುರುಡೆ ಬಿಟ್ಟಿದ್ದಾನೆ’ ಎಂದು ಊರಿನ ಆಟಗಾರರ ಸಂಘದಲ್ಲಿ ನಗೆಯೆದ್ದಿತ್ತು. ಆ ನಗೆ ಅಪ್ಪನ ಕಿವಿಗೂ ಬಿದ್ದಿತ್ತು. ಮಂಡಿ ಆಪರೇಷನ್ ಆಗಿ ಮಲಗಿದ್ದ ಆತ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

“ಎಲ್ಲಿದೆ ಅಂತ ನನಗಾದ್ರೂ ಹೇಳಪ್ಪ” ಎಂದು ಸೂಜಿ ಗೋಗರೆದಿದ್ದಳು.

“ಇಟ್ಟೋನು ಬಾಯಿ ಬಿಡಬಾರದು. ಅದು ಆಟದ ನಿಯಮ. ಸುಳಿವು ಕೊಟ್ಟಾಯ್ತಲ್ಲ?”

ಅಪ್ಪ ಬುರುಡೆ ಬಿಡುವುದರಲ್ಲಿ ಎತ್ತಿದ ಕೈ. ಒಮ್ಮೆ ತಿಮಿಂಗಿಲದ ಬೆನ್ನ ಮೇಲೆ ನಿಂತು ಗಾರೆ ಕಲಸಿದ್ದೆ ಎಂದವನು. ಸೂಜಿಯೋ, ಹೊಲಿಗೆ ಅಂಗಡಿಯವಳು. ಬಟ್ಟೆಯಲ್ಲಾಗಲಿ ಮಾತಿನಲ್ಲಾಗಲಿ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವುದು ಅವಳ ಹುಟ್ಟುಗುಣ. ಅಪ್ಪನನ್ನು ಅವಳು ಪೂರ್ತಿ ನಂಬಿರಲಿಲ್ಲ. ಅದನ್ನು ಯಾರಿಗೂ ಹೇಳಿರಲೂ ಇಲ್ಲ.

ಜೊತೆಗೆ ಬಂದವನು ಅಕ್ಕನ ಗಂಡ. ಬಸ್ ಡ್ರೈವರ್, ಸಂಘದ ಕಾರ್ಯದರ್ಶಿ ಬೇರೆ. ಭಾವ ತಾನಾಗಿಯೇ ಹೊರಟಿದ್ದೇ ಅವಳಿಗೆ ಸರಿಕಂಡಿರಲಿಲ್ಲ. ಭಾನುವಾರ ಮಧ್ಯಾಹ್ನ ಮಲಗಿದರೆ ಕುಂಭಕರ್ಣ ಅವನು.

ಗೋಡೆ ಕಡಲನ್ನು ತಬ್ಬಿಕೊಂಡು ಎರಡು ಮೈಲಿ ಸಾಗಿತ್ತು. ಎಡಕ್ಕೆ ಹಳೆಯ ಉಗ್ರಾಣಗಳ ಮುಚ್ಚಿದ ಬಾಗಿಲುಗಳು, ಬಲಕ್ಕೆ ಇಪ್ಪತ್ತೈದು ಅಡಿ ಕೆಳಗೆ ಬೂದುಬಣ್ಣದ ನೀರು. ಕಲ್ಲುಗಳ ಸಂದಿನಲ್ಲಿ ಉಪ್ಪು ಬಿಳಿಯ ಗೆರೆಯಾಗಿ ಕಟ್ಟಿತ್ತು. ಮುಕ್ಕಾಲು ದಾರಿಯಲ್ಲಿ ಮುರಿದ ಬುರುಜು. ಅದರಾಚೆ ಕಾಂಕ್ರೀಟ್ ಯಂತ್ರಗಳು ಟಾರ್ಪಾಲು ಹೊದ್ದು ನಿಂತಿದ್ದವು.

ನಡೆಯುತ್ತಲೇ ಸೂಜಿ ಭಾವನ ಬೂಟು ನೋಡಿದಳು. ಅಂಚೆಲ್ಲ ಒದ್ದೆ, ಅದಕ್ಕೆ ಹಸಿರು ಪಾಚಿ. ಅವರಿನ್ನೂ ನೀರಿನ ಹತ್ತಿರಕ್ಕೂ ಹೋಗಿರಲಿಲ್ಲ.

“ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ ಭಾವ?”

“ಎಲ್ಲಿಗೂ ಇಲ್ಲವಲ್ಲ.” ಅವನು ಕೈಗಡಿಯಾರ ನೋಡಿಕೊಂಡ. ಅದು ಐದನೇ ಸಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ. ಪೆಟ್ಟಿಗೆಯನ್ನು ಇವನೇ ಎಗರಿಸಿದನೇ? ಸಂಘದವರ ಮುಂದೆ ಮಾವನನ್ನು ಸುಳ್ಳುಗಾರ ಮಾಡಿ ಇವನಿಗೇನು ಸಿಗುತ್ತದೆ?

ಬುರುಜಿನ ಬಳಿ, ಜಾಗ ಬಂತೆಂದು ಫೋನು ಬಡಿದುಕೊಂಡಿತು. ಅವಳು ಸುಳಿವು ಓದಿದಳು: ‘ಬುರುಜಿನ ಬಲಕ್ಕೆ, ಕಡಲ ಮೈಯಲ್ಲಿ, ಒಂಬತ್ತನೇ ವರಸೆ, ಗೀರಿದ ಕಲ್ಲು.’ ವರಸೆಯೆಂದರೆ ಕಲ್ಲಿನ ಒಂದು ಅಡ್ಡ ಸಾಲು. ಕಬ್ಬಿಣದ ಏಣಿ ಹಿಡಿದು ಇಳಿದು ಒಂಬತ್ತು ಸಾಲು ಎಣಿಸಿದಳು. ಒಂದು ಕಲ್ಲಿನ ಮೇಲೆ ಗೀರು. ಸಂದಿಯಲ್ಲಿ ಡಬ್ಬಿ!

ಮೇಲಿನಿಂದ ಭಾವ ಕೂಗಿದ. “ಸಿಕ್ತಾ? ಭೇಷ್! ಬಾ ಮೇಲೆ, ಹೋಗೋಣ.”

ಡಬ್ಬಿ ತಣ್ಣಗಿತ್ತು, ಆದರೆ ತುಕ್ಕಿರಲಿಲ್ಲ. ಗೀರು ಬೆಳ್ಳಗೆ ಹೊಸದಾಗಿತ್ತು. ಮೇಲೆ ಬಂದು ಪುಸ್ತಕ ಬಿಡಿಸಿದಳು. ‘ಇಟ್ಟವನು, ಮೇಸ್ತ್ರಿ’ ಎಂದು ಮುತ್ತು ಪೋಣಿಸಿದಂತಹ ಅಕ್ಷರ. ಅಪ್ಪನ ಬರಹವೆಂದರೆ ಕೋಳಿ ಕೆದರಿದ ತಿಪ್ಪೆ.

“ಇದನ್ನ ನೀವಿಟ್ರಿ. ಅಸಲು ಪೆಟ್ಟಿಗೆ ಎಲ್ಲಿ?”

ಭಾವ ಕಟ್ಟೆಯ ಮೇಲೆ ಕುಸಿದು ಕೂತ. “ಅಸಲು ಇದ್ರೆ ತಾನೆ? ಮಾವ ಇಟ್ಟಿಲ್ಲ ಅಂತ ನಂಗೂ ಅನ್ಸಿತ್ತು ಕಣಮ್ಮ. ಆ ಮುಖ ನೋಡೋಕಾಗ್ಲಿಲ್ಲ. ಬೆಳಿಗ್ಗೆ ಬಂದು, ಉಬ್ಬರದ ಅಲೆ ಕಾಲಿಗೆ ಬಡೀತಿದ್ರೂ ಏಣಿ ಇಳಿದು ಇಟ್ಟೆ. ಇದನ್ನೇ ತಗೊಂಡು ಹೋಗೋಣ. ಮೇಲಿಂದ ಸರಿಯಾಗಿ ಒಂಬತ್ತು ಎಣಿಸೇ ಇಟ್ಟಿದ್ದೀನಿ.”

ಕಳ್ಳನೆಂದುಕೊಂಡಿದ್ದವನು ತನ್ನಷ್ಟೇ ಅಪನಂಬಿಕೆಯವನು. ಸೂಜಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಅವನ ಮಾತಿನ ಒಂದು ಎಳೆ ಅವಳಿಗೆ ಚುಚ್ಚಿತು.

“ಮೇಲಿಂದಾನಾ? ಭಾವ, ಗೋಡೇನ ಯಾರಾದ್ರೂ ಮೇಲಿಂದ ಕಟ್ತಾರಾ? ಅಡುಗೆಮನೆ ಕಟ್ಟೋವಾಗ ಅಪ್ಪ ಮೂರನೇ ವರಸೆ ಸೊಟ್ಟ ಅಂತ ಬೈದಿದ್ದು ನೆಲದಿಂದ ಮೂರನೇದನ್ನ. ಎಲ್ಲಾ ತಂಡಾನೂ ಮೇಲಿಂದಲೇ ಎಣಿಸಿದೆ!”

ಇಬ್ಬರೂ ಬಗ್ಗಿ ನೋಡಿದರು. ಕಡಲ ಇಳಿತದ ಕೊನೆ. ಗೋಡೆಯ ಬುಡದಲ್ಲಿ ಪಾಯದ ಕಲ್ಲು ಒಂದಡಿ ಅಗಲ ಹೊರಗೆ ಕಂಡಿತ್ತು, ಅದೂ ಅಲೆ ಹಿಂದೆ ಸರಿದಾಗ ಮಾತ್ರ.

“ನೀರು ತಿರುಗ್ತಿದೆ. ಹದಿನೈದು ನಿಮಿಷ, ಅಷ್ಟೇ” ಎಂದ ಭಾವ. ಚೀಲದಿಂದ ಹಗ್ಗ ತೆಗೆದ.

ಸೂಜಿ ಹಗ್ಗವನ್ನು ಸೊಂಟಕ್ಕೆ ಬಿಗಿದಳು. ಇನ್ನೊಂದು ತುದಿಯನ್ನು ಅರೆಗಳಿಗೆಯ ಹಿಂದೆ ತಾನು ಕಳ್ಳನೆಂದುಕೊಂಡವನ ಕೈಗೇ ಕೊಟ್ಟಳು.

ಏಣಿ ಅರ್ಧಕ್ಕೇ ಮುಗಿದಿತ್ತು. ಅವಳು ಜೋತುಬಿದ್ದು ಇಳಿದಳು. ಪಾಚಿಯ ಮೇಲೆ ಕಾಲು ಜಾರಿತು. ಹಗ್ಗ ಬಿಗಿಯಿತು, ನಿಂತಳು. ಒಂದು, ಎರಡು, ಮೂರು... ಒಂಬತ್ತನೆಯದು ಅವಳ ನೆತ್ತಿಯ ಮಟ್ಟಕ್ಕಿತ್ತು. ಕಪ್ಪೆಚಿಪ್ಪು ಕೆರೆದಳು. ಬೆರಳು ಕೊಯ್ದು ರಕ್ತ ಬಂತು. ಚಿಪ್ಪಿನಡಿ ಒಂದು ಗೀರು!

“ಅಲೆ!” ಮೇಲಿನಿಂದ ಭಾವ ಚೀರಿದ.

ತಣ್ಣೀರು ಎದೆಗೆ ಅಪ್ಪಳಿಸಿತು. ಗೋಡೆಗೆ ಅಂಟಿಕೊಂಡಳು. ಅಲೆ ಅವಳನ್ನು ಕಿತ್ತು ಎಳೆಯಿತು. ಹಗ್ಗ ಬಿಡಲಿಲ್ಲ.

“ಸಾಕು, ಬಂದ್ಬಿಡೇ!”

“ಇನ್ನೊಂದೇ ಸಲ!”

ಸುಣ್ಣದ ಮೆತ್ತೆಯನ್ನು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಪ್ಪನ ಉಳಿಯಿಂದ ಮೀಟಿದಳು. ಕಲ್ಲಿನ ಚೂರು ಕಳಚಿತು. ಕೈಗೆ ಸಿಕ್ಕಿತು ಒಂದು ಹಿತ್ತಾಳೆ ಡಬ್ಬಿ, ಬಾಯಿಗೆ ದಪ್ಪ ಮೇಣ. ಅದನ್ನು ರವಿಕೆಯೊಳಗೆ ತುರುಕಿದಳು. “ಎಳೀರಿ!” ಅವನು ಎಳೆದ. ಇಬ್ಬರೂ ಗೋಡೆಯ ಮೇಲೆ ಬಿದ್ದುಕೊಂಡು ಏದುಸಿರು ಬಿಟ್ಟರು. ಭಾವನ ಅಂಗೈಗಳ ಚರ್ಮ ಸುಲಿದುಹೋಗಿತ್ತು.

ಮನೆಯಲ್ಲಿ ಅಪ್ಪ ಡಬ್ಬಿಯನ್ನು ಹೊರಳಿಸಿ ನೋಡಿದ. ಒಳಗೆ ಗೋಡೆ ನೆಟ್ಟಗಿದೆಯೇ ಎಂದು ದಾರದಲ್ಲಿ ಇಳಿಬಿಟ್ಟು ನೋಡುವ ಅವನ ಹಳೆಯ ತೂಕದ ಗುಂಡು ಮತ್ತು ನೀರು ತಾಗದ ಪುಸ್ತಕ. ಮೊದಲ ಹಾಳೆಯಲ್ಲಿ ಕೋಳಿ ಕೆದರಿತ್ತು. ಉಳಿದದ್ದೆಲ್ಲ ಖಾಲಿ.

“ಸಂಘದೋರು ನಂಬಿರ್ಲಿಲ್ಲ” ಎಂದ. “ನೀನಾದ್ರೂ ನಂಬಿದ್ದೆ ಬಿಡು.”

ಸೂಜಿ ತಲೆ ತಗ್ಗಿಸಿದಳು. “ಇಲ್ಲಪ್ಪ. ನಾನೂ ನಂಬಿರ್ಲಿಲ್ಲ.”

ಅಪ್ಪ ಗುಂಡಿನ ದಾರ ಹಿಡಿದು ಮಂಚದ ಪಕ್ಕ ಇಳಿಬಿಟ್ಟ. “ನಾನು ಕಟ್ಟಿದ ಗೋಡೇನ ನಾನೇ ನಂಬ್ತಿರ್ಲಿಲ್ಲ, ಇದನ್ನ ಇಳಿಬಿಟ್ಟೇ ನೋಡ್ತಿದ್ದೆ. ನೀನೂ ಇಳಿದು ನೋಡ್ದೆಯಲ್ಲ, ಸಾಕು. ರುಜು ಹಾಕು. ಹಾಗೇ ಒಂದ್ ತಟ್ಟೆ ಅನ್ನ ಹಾಕ್ಕೊಂಡ್ ಬಾ, ಹಸಿವಾಗಿದೆ.”

ಅವಳು ರುಜು ಹಾಕಿ ಪುಸ್ತಕವನ್ನು ಭಾವನ ಕಡೆ ತಳ್ಳಿದಳು. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಅವನು ಅವಳ ಚೀಲವನ್ನೇ ಹೆದರಿಕೆಯಿಂದ ನೋಡುತ್ತಿದ್ದ. ಅದರೊಳಗೆ ಆ ಹೊಸ ಡಬ್ಬಿ ಇತ್ತು. ಸೂಜಿ ಅದರ ಬಗ್ಗೆ ಯಾರಿಗೂ ಹೇಳಲಿಲ್ಲ. ಈಗ ಅವಳು ಅಂಗಡಿಯಲ್ಲಿ ಗುಂಡಿಗಳನ್ನೆಲ್ಲ ಅದರಲ್ಲೇ ಇಡುತ್ತಾಳೆ.