ಹದಿಮೂರು ಕೆಜಿಯ ವ್ಯತ್ಯಾಸ

"ಬಿಡಬೇಡಿ...! ಕೈ ಬಿಡಬೇಡಿ ಅಂದ್ನಲ್ಲಾ!"

ಅವಳು ಕೂಗುವಷ್ಟರಲ್ಲಿ ಅವನು ಬಿಟ್ಟಾಗಿತ್ತು. ಜೀಪಿನಿಂದ ಕಳಚಿದ ಟ್ರೇಲರಿನ ಮೂತಿಯ ಕಂಬಿ ಸರ್ರನೆ ಮೇಲಕ್ಕೆದ್ದಿತು. ಅವಳು ವೆಲ್ಡಿಂಗ್ ಮುಖವಾಡ ಎಸೆದು ಶೆಡ್ಡಿನ ಮೂಲೆಯಿಂದ ಓಡಿಬಂದು, ಎರಡೂ ಕೈಯಲ್ಲಿ ಆ ಕಂಬಿಗೆ ಜೋತುಬಿದ್ದಳು. ಕಂಬಿ ಒಂದು ಕ್ಷಣ ಯೋಚನೆ ಮಾಡಿ ಕೆಳಗಿಳಿಯಿತು.

"ಭಾರ ಎಲ್ಲಾ ಹಿಂದಕ್ಕೆ ತುಂಬಿ ಮುಂದಿನ ಕೊಕ್ಕೆ ಬಿಚ್ತಾರಾ ಯಾರಾದ್ರೂ? ಹಲ್ಲು ಉದುರಿಹೋಗ್ತಿತ್ತು!"

"ಕ್ಷಮಿಸಿ... ನಾನು ಸರ್ವೇಯರ್. ಗುಡ್ಡ ಅಳೆಯೋದು ಗೊತ್ತು. ಇದು ಗೊತ್ತಿಲ್ಲ."

ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಒಪ್ಪಿಕೊಂಡ ಗಿರಾಕಿಯನ್ನು ಅವಳು ಕಂಡೇ ಇರಲಿಲ್ಲ. ಬಾಯಿಗೆ ಬಂದಿದ್ದ ಇನ್ನೆರಡು ಮಾತು ವಾಪಸ್ ಹೋದವು.

"ಕೈಗೆ ಪೆಟ್ಟಾಯ್ತಾ?" ಅವನು ಅವಳ ಅಂಗೈ ನೋಡಿ ಕೇಳಿದ.

ಅವಳು ಗೋಡೆಯ ಹಲಗೆಯತ್ತ ಬೆರಳು ತೋರಿಸಿದಳು. ಹರಟೆಮಲ್ಲ ಗಿರಾಕಿಗಳ ಕಾಟ ತಾಳಲಾರದೆ ಅವಳ ಅಪ್ಪ ಬರೆಸಿದ್ದ ಹಲಗೆ ಅದು. 'ಕೆಲಸ ಮುಗಿಯುವವರೆಗೆ ಕೆಲಸದ ಮಾತು ಮಾತ್ರ.' ಅಪ್ಪ ಹೋದ ಮೇಲೂ ಅವಳು ಅದನ್ನು ಇಳಿಸಿರಲಿಲ್ಲ.

ಅವನು ಓದಿದ, ತಲೆಯಾಡಿಸಿದ, ಪಾಲಿಸಿದ. ಮುಂದಿನ ತೊಂದರೆಗೆಲ್ಲ ಆ ವಿಧೇಯತೆಯೇ ಕಾರಣವಾಯಿತು.

ಅವನು ತಂದಿದ್ದು ಸೇನೆಯವರು ಹರಾಜಿನಲ್ಲಿ ಮಾರಿದ ಹಳೆಯ ಸಾಮಾನಿನ ಟ್ರೇಲರ್. ಅದನ್ನು ಗುಡ್ಡಗಾಡು ಅಲೆಯುವ ಮನೆಯಾಗಿ ಮಾಡಿಕೊಡಬೇಕಿತ್ತು. ಅಂಥ ಗಾಡಿಮನೆ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ, ಎಲ್ಲರಿಗೂ ಅವಳು 'ಮೇಸ್ತ್ರಿ'. ಹದಿನೇಳು ಗಾಡಿ ಕಟ್ಟಿದ್ದಳು. ಒಂದರಲ್ಲೂ ಊರು ದಾಟಿರಲಿಲ್ಲ.

ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಅವಳ ಚಿಕ್ಕಮ್ಮ ಹಾಸಿಗೆ, ಕ್ಯಾನ್ವಾಸ್ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಪ್ರತಿ ಶನಿವಾರ ಸರ್ವೇಯರ್ ಬರತೊಡಗಿದ. ತಾನೇ ತುಕ್ಕು ಕೆರೆದ. ಮಣಭಾರಕ್ಕೆಂದು ಚಕ್ರದ ಮೇಲೆ ಕೂರಿಸಿದ್ದ ಪಟ್ಟಿ ಸ್ಪ್ರಿಂಗಿನ ಏಳು ಪಟ್ಟಿಗಳಲ್ಲಿ ಮೂರನ್ನು ಅವಳು ತೆಗೆದಾಗ, ಯಾಕೆ ಎಂದು ಕೇಳಿ ತಿಳಿದುಕೊಂಡ. ಒಂದು ದಿನ ಹಸಿರು ಬಣ್ಣದ ಮೂರನೇ ಪದರದ ಕೆಳಗೆ ಮೊಳೆಯಿಂದ ಗೀಚಿದ ಮೂವತ್ತೆಂಟು ಗೀಟು ಸಿಕ್ಕವು. ಯಾರೋ ಸಿಪಾಯಿ ಮನೆಗೆ ಹೋಗುವ ದಿನ ಎಣಿಸಿದ್ದಿರಬೇಕು.

"ಇದಕ್ಕೆ ಬಣ್ಣ ಹೊಡೀಬೇಡಿ ಮೇಸ್ತ್ರಿ. ಇರಲಿ ಪಾಪ."

ಅಂದಿನಿಂದ ಅವಳಿಗೆ ಶನಿವಾರ ಬೇಗ ಬರಲಿ ಅನಿಸತೊಡಗಿತು. 'ಅಯ್ಯೋ, ಇದೇನಾಯ್ತು ನನಗೆ...' ಎಂದುಕೊಂಡಳು. ಆದದ್ದು ಇಷ್ಟೇ. ಮೂವತ್ತನಾಲ್ಕರ ವಯಸ್ಸಿನಲ್ಲಿ, ಮೈತುಂಬ ಗ್ರೀಸ್ ಮೆತ್ತಿಕೊಂಡು, ಅವಳು ಒಬ್ಬನನ್ನು ಇಷ್ಟಪಟ್ಟಿದ್ದಳು.

ನಾಲ್ಕನೇ ಶನಿವಾರ ಅವನು ಗಂಟಲು ಸರಿಮಾಡಿಕೊಂಡ.

"ಒಂದು ಹಾಸಿಗೆ ಅಂದಿದ್ನಲ್ಲ... ಎರಡು ಮಾಡೋಕಾಗುತ್ತಾ? ಎಡಕ್ಕೊಂದು, ಬಲಕ್ಕೊಂದು."

ಇನ್ನೊಂದು ಯಾರಿಗೆ ಎಂದು ಕೇಳುವ ಮನಸ್ಸಾಯಿತು ಅವಳಿಗೆ. ಆದರೆ ಕೆಲಸದ ಮಾತಿಗೆ ಕೆಲಸದ ಪ್ರಶ್ನೆಯೇ ಬಂತು.

"ಎರಡೂ ಪಕ್ಕದ ಭಾರ ಸಮ ಬರಬೇಕು. ಇಲ್ಲಾಂದ್ರೆ ಇಳಿಜಾರಲ್ಲಿ ಗಾಡಿ ವಾಲುತ್ತೆ. ನಿಮ್ಮ ತೂಕ?"

"ಎಪ್ಪತ್ತಾರು."

"ಬಲಗಡೆಯವರದ್ದು?"

ಅವನು ಅವಳನ್ನು ನೋಡಿದ. ತಗಡಿನ ಸೂರು ನೋಡಿದ. ಹಲಗೆ ನೋಡಿದ. ಕಿವಿ ಕೆಂಪಾಯಿತು.

"ಒಂದು... ಐವತ್ತು ಅಂತ ಇಟ್ಕೊಳ್ಳಿ."

ಐವತ್ತು! ಅರೆಗಳಿಗೆ ಚಿಗುರಿದ್ದ ಆಸೆಯೊಂದು ಅಲ್ಲೇ ಮುರುಟಿತು. ತಾನು ಅರವತ್ತಮೂರು. ಅಂದರೆ ಆ ಬಲಗಡೆಯವಳು ಬೇರೆ ಯಾರೋ. ತೆಳ್ಳಗೆ, ಬೆಳ್ಳಗೆ, ಕಬ್ಬಿಣ ಮುಟ್ಟದ ಕೈಯವಳು.

"ಆಯ್ತು" ಎಂದು ಬರೆದುಕೊಂಡಳು.

ಕೆಲಸದಲ್ಲಿ ಮಾತ್ರ ಅವಳು ಸೇಡು ತೀರಿಸಿಕೊಳ್ಳಲಿಲ್ಲ. ಹಿಂಬದಿ ಬಾಗಿಲಿಗೆ ಎಳೆದರೆ ಹೊರಬರುವ ಅಡುಗೆ ಕಟ್ಟೆ ಮಾಡಿದಳು. ನೆಲದಡಿಯ ಅರವತ್ತು ಲೀಟರಿನ ನೀರಿನ ಟ್ಯಾಂಕನ್ನು, ಆ ಹಗುರ ಹೆಂಗಸಿಗೆ ಸರಿತೂಗಲೆಂದು, ಬಲಕ್ಕೆ ಸರಿಸಿ ಬೋಲ್ಟ್ ಬಿಗಿದಳು. ಎಂದೂ ಕಾಣದ ಒಬ್ಬಳಿಗಾಗಿ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದು ಅವಳಿಗೆ ಜೀವನದಲ್ಲೇ ಮೊದಲು.

"ಯಾಕೇ ಮುಖ ಹಿಂಗೆ ಹುಳಿ ಹುಳಿ?" ಚಿಕ್ಕಮ್ಮ ಕೇಳಿದಳು. "ಕೇಳಿಬಿಡಬಾರ್ದಾ, ಯಾರು ಅಂತ?"

"ಕೆಲಸದ ಮಾತಲ್ಲ ಅದು."

"ನಿಮ್ಮಪ್ಪ ಆ ಹಲಗೆ ಬರೆಸಿದ್ದು ಗಿರಾಕಿಗಳಿಗೆ. ನಿನಗಲ್ಲ."

ಅವಳು ಗ್ರೈಂಡರ್ ಚಾಲೂ ಮಾಡಿದಳು. ಅದರ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ, ತನ್ನದು ಕೂಡ.

ಎರಡು ತಿಂಗಳು ಕಳೆದು ಗಾಡಿ ಒಪ್ಪಿಸುವ ದಿನ ಬಂತು. ಇವತ್ತು ಹೋದರೆ ಅವನು ಮತ್ತೆ ಬರಲು ಕಾರಣವೇ ಇಲ್ಲ. ಅವಳ ಕೆಲಸ ಅಷ್ಟು ಚೆನ್ನಾಗಿತ್ತು, ರಿಪೇರಿಗೂ ಬರುವ ಹಾಗಿರಲಿಲ್ಲ.

"ಅವ್ರನ್ನ ಕರ್ಕೊಂಡು ಬರ್ಲಿಲ್ವಾ?" ಎಷ್ಟು ತಡೆದರೂ ಕೇಳಿಯೇಬಿಟ್ಟಳು. "ತೂಕ ನೋಡೋಕೆ."

"ಅವ್ರು ಒಪ್ತಾರೋ ಇಲ್ವೋ ಗೊತ್ತಿಲ್ಲ. ಕೆಲಸ ಮುಗೀಲಿ, ಕೇಳ್ತೀನಿ."

'ಕೇಳೋ ಮುಂಚೆನೇ ಹಾಸಿಗೆ ಮಾಡಿಸ್ಕೊಂಡ್ನಾ!' ಅವಳಿಗೆ ಆ ಐವತ್ತು ಕೆಜಿಯವಳ ಮೇಲೆ ಹೊಟ್ಟೆಕಿಚ್ಚಾಯಿತು. ಅವನನ್ನು ಎಡ ಹಾಸಿಗೆಯ ಮೇಲೆ ಕೂರಿಸಿದಳು. ಬಲ ಹಾಸಿಗೆಯ ಮೇಲೆ ಐವತ್ತು ಕೆಜಿ ತೂಗಿದ ಮರಳಿನ ಮೂಟೆ ಹಾಕಿದಳು. ಗಾಡಿಯ ನೆಲದ ಮೇಲೆ, ವಾಲಿದ್ದರೆ ತೋರಿಸುವ ರಸಮಟ್ಟ ಇಟ್ಟಳು. ಅದರ ಕೊಳವೆಯೊಳಗಿನ ಗುಳ್ಳೆ ಎರಡು ಗೀಟುಗಳ ನಡುವೆ ಬಂದು ನಿಂತಿತು.

"ಸರಿಯಾಗಿದೆ. ಕೆಲಸ ಮುಗೀತು."

"ಮುಗೀತಾ? ನಿಜವಾಗ್ಲೂ?"

"ಮುಗೀತು ಅಂದ್ನಲ್ಲ."

"ಹಾಗಾದ್ರೆ... ಆ ಮೂಟೆ ಇಳಿಸಿ, ಒಂದ್ಸಲ ನೀವು ಕೂತ್ಕೋತೀರಾ?"

"ನಾನ್ಯಾಕೆ? ನಾನು ಐವತ್ತಿಲ್ಲ!"

"ದಯವಿಟ್ಟು..."

ಅವಳು ಮೂಟೆ ಇಳಿಸಿ ಧೊಪ್ಪನೆ ಕೂತಳು. ಗಾಡಿ ಬಲಕ್ಕೆ ಒಂಚೂರು ತಗ್ಗಿತು. ಗುಳ್ಳೆ ಗೀಟು ದಾಟಿ ಅವನ ಕಡೆಗೆ ಹೊರಟುಹೋಯಿತು.

"ನೋಡಿ. ಅರವತ್ತಮೂರು. ವಾಲ್ತು. ಸಮಾಧಾನ ಆಯ್ತಾ?"

ಅವನು ಆ ಗುಳ್ಳೆಯನ್ನೇ ನೋಡುತ್ತಿದ್ದ. ಪೆಚ್ಚುಮೋರೆ.

"ತಪ್ಪು ನಂದೇ. ಆ ಹಾಸಿಗೆಯವ್ರ ತೂಕ ತಪ್ಪು ಹೇಳ್ಬಿಟ್ಟೆ. ಎದುರಿಗೇ ನಿಂತಿದ್ರು... ಹೆಚ್ಚು ಹೇಳಿದ್ರೆ ಬೇಜಾರಾಗ್ತಾರೇನೋ ಅಂತ ಕಡಿಮೆ ಹೇಳ್ದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಬಂದದ್ದು ಸಂತೋಷವಲ್ಲ, ಸಿಟ್ಟು!

"ಗುಡ್ಡದ ಎತ್ತರ ಇಂಚು ಬಿಡದೆ ಹೇಳ್ತೀರಿ! ಒಬ್ಬಳ ತೂಕದಲ್ಲಿ ಹದಿಮೂರು ಕೆಜಿ ತಪ್ಪಾ? ಎರಡು ತಿಂಗಳಿಂದ ನನಗೆ ಊಟ ಸೇರಿಲ್ಲ ರೀ!"

"ಊಟ ಸೇರದೇನೇ ಅರವತ್ತಮೂರಾ?" ಹೊಲಿಗೆ ಯಂತ್ರದ ಹಿಂದಿನಿಂದ ಚಿಕ್ಕಮ್ಮನ ದನಿ ಬಂತು.

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಆಗಲಿಲ್ಲ. ಆದರೆ ಅವಳ ನಗುವಿನ ಜೊತೆ ಕಣ್ಣೀರೂ ಬಂದುಬಿಟ್ಟಿತು.

"ಮೊದಲ ದಿನವೇ ಹೇಳ್ಬಹುದಿತ್ತಲ್ಲ..." ಎಂದಳು ಮೆಲ್ಲಗೆ.

"ಮೊದಲ ದಿನ ಕೈಗೆ ಪೆಟ್ಟಾಯ್ತಾ ಅಂದಿದ್ದಕ್ಕೇ ಹಲಗೆ ತೋರಿಸಿದ್ರಿ." ಅವನು ತಲೆ ತಗ್ಗಿಸಿದ. "ನನ್ನನ್ನ ಮದುವೆಯಾಗಿ ಈ ಗಾಡೀಲಿ ಬರ್ತೀರಾ? ಬೇಡ ಅಂದ್ರೆ ಆ ಹಾಸಿಗೆ ಖಾಲಿ ಇರುತ್ತೆ. ಬೇರೆ ಯಾರಿಗೋ ಅಂತ ಮಾಡಿಸಿದ್ದಲ್ಲ ಅದು."

ಅವಳು ಕಣ್ಣೊರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡು ಗಾಡಿಯಡಿ ತೂರಿದಳು. ನಾಲ್ಕು ಬೋಲ್ಟ್ ಸಡಿಲಿಸಿ, ಟ್ಯಾಂಕನ್ನು ಒಂಚೂರು ಎಡಕ್ಕೆ ಸರಿಸಿ, ಮತ್ತೆ ಬಿಗಿದಳು. ಮೇಲೆ ಬಂದು ಬಲ ಹಾಸಿಗೆಯ ಮೇಲೆ ಕೂತಳು. ಈ ಸಲ ಮೆಲ್ಲಗೆ.

ಗುಳ್ಳೆ ನಡುವೆ ಬಂದು ನಿಂತಿತು.

"ಈಗ ಕೆಲಸ ಮುಗೀತು" ಎಂದಳು.

"ಈಗ ಬೇರೆ ಮಾತು ಆಡ್ಬಹುದಾ?"

ಅವಳು ತನ್ನ ಬಲ ಅಂಗೈಯನ್ನು ಅವನ ಮುಂದೆ ಚಾಚಿದಳು. ಕಂಬಿ ತರಚಿದ್ದ ಗಾಯ ಯಾವಾಗಲೋ ಮಾಗಿತ್ತು.

"ಹೂಂ, ಅವತ್ತು ಪೆಟ್ಟಾಗಿತ್ತು. ತುಂಬಾ ಉರೀತಿತ್ತು."

"ಈಗ?"

"ಈಗ ಇಲ್ಲ... ಬರ್ತೀನಿ. ಆದ್ರೆ ಇನ್ಮೇಲೆ ನನ್ನ ವಿಷಯದಲ್ಲಿ ಅಂದಾಜು ಬೇಡ. ಕೇಳಿ."

ಅವನು ಆ ಕೈಯನ್ನು ಹಿಡಿದುಕೊಂಡ. "ಕೇಳ್ತೀನಿ. ದಿನಾ ಕೇಳ್ತೀನಿ."