ಅಪ್ಪನ ದೋಣಿ, ನಳಿನಿಯ ಸೀನು

"ಇನ್ನೂ ನಾಲ್ಕು ಬಿಂದಿಗೆ ಸುರಿ!" ಅಪ್ಪ ಕೂಗಿದರು.

ನಳಿನಿ ಏದುಸಿರು ಬಿಡುತ್ತಾ ಸುರಿದಳು. ಜಯನಗರದ ಆ ಪುಟ್ಟ ಮನೆಯ ಅಂಗಳದಲ್ಲಿ ಒಂದು ಮೋಟಾರು ದೋಣಿ ಇಟ್ಟಿಗೆಗಳ ಮೇಲೆ ಕೂತಿತ್ತು. ಎಲ್ಲರ ದೋಣಿ ನೀರಿನಲ್ಲಿದ್ದರೆ, ಅಪ್ಪ ಪರಮಶಿವಯ್ಯನವರ ದೋಣಿಯಲ್ಲಿ ನೀರಿತ್ತು.

"ಇದೇನಪ್ಪಾ ಟೆಸ್ಟು?"

"ಲೀಕ್ ಟೆಸ್ಟ್ ಕಣೇ. ಒಳಗಿನ ನೀರು ಹೊರಗೆ ಹೋಗ್ಲಿಲ್ಲ ಅಂದ್ರೆ, ಹೊರಗಿನ ನೀರೂ ಒಳಗೆ ಬರಲ್ಲ. ಸೈನ್ಸು!"

"ಯಡಿಯೂರು ಕೆರೆ ಇಲ್ಲೇ ಇದ್ಯಲ್ಲ. ಅಲ್ಲೇ ಬಿಟ್ಟು ನೋಡ್ಬಹುದಲ್ವಾ?"

"ಕೆರೆ ನೀರಾ? ಪೇಂಟು ಹಾಳಾಗುತ್ತೆ," ಎಂದು ಅಪ್ಪ ಮುಖ ತಿರುಗಿಸಿಕೊಂಡರು.

ಅಪ್ಪ ಆಫೀಸಿನಲ್ಲಿ ಗುಮಾಸ್ತರು. ಯಾವುದೋ ಹರಾಜಿನಲ್ಲಿ ಕೈ ಎತ್ತಿ ಕಿವಿ ಕೆರೆದುಕೊಂಡಾಗ ಈ ದೋಣಿ ಅವರ ಪಾಲಿಗೆ ಬಂದಿತ್ತು. ಬೇಡ ಅನ್ನಲು ನಾಚಿಕೆ. ಕೇಳಿದವರಿಗೆಲ್ಲ, "ಬೇಸಿಗೆ ರಜಕ್ಕೆ ಮಂಗಳೂರಿಂದ ಕಾರವಾರದ ತನಕ ಸಮುದ್ರದಲ್ಲೇ ಹೋಗ್ತೀವಿ," ಎಂದುಬಿಟ್ಟರು. ಒಮ್ಮೆ ಬೀದಿಗೆಲ್ಲ ಗೊತ್ತಾದ ಮೇಲೆ ಹೋಗದೆ ಇರುವುದು ಹೇಗೆ?

ನಳಿನಿಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಸಮುದ್ರವನ್ನೇ ನೋಡಿರಲಿಲ್ಲ. ಐದನೇ ಕ್ಲಾಸಿಗೆಲ್ಲ ಕಪ್ಪೆಚಿಪ್ಪು ತರುತ್ತೇನೆಂದು ಮಾತು ಕೊಟ್ಟಿದ್ದಳು. ನೀರು ನಿಜವಾಗಲೂ ಉಪ್ಪಾಗಿದೆಯೇ ಎಂದು ಮೊದಲು ನೆಕ್ಕಿ ನೋಡಬೇಕು ಎಂದೂ ತೀರ್ಮಾನಿಸಿದ್ದಳು.

ತಯಾರಿ ಜೋರಾಗಿ ನಡೆಯಿತು. ಅಜ್ಜಿ ನಾಗಲಕ್ಷ್ಮಮ್ಮ ಹಪ್ಪಳ, ಸಂಡಿಗೆ, ಸಾರಿನ ಪುಡಿ, ಕೊನೆಗೆ ಒಂದು ದೊಡ್ಡ ಡಬ್ಬ ಉಪ್ಪನ್ನೂ ದೋಣಿಗೆ ತುಂಬಿದರು.

"ಸಮುದ್ರದಲ್ಲೇ ಉಪ್ಪಿರುತ್ತಲ್ಲ ಅಜ್ಜಿ!"

"ಯಾರು ಕಾಲು ತೊಳೆದಿರ್ತಾರೋ ಏನೋ. ನಮ್ಮ ಉಪ್ಪು ನಮಗಿರ್ಲಿ."

ಅಮ್ಮ ಮಾತ್ರ, "ನೀವು ದೋಣೀಲಿ ಬನ್ನಿ, ನಾನು ಬಸ್ಸಲ್ಲಿ ಬಂದು ಕಾರವಾರದಲ್ಲಿ ಸಿಕ್ತೀನಿ," ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಮೋಟಾರನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿ ಓಡಿಸಿದ್ದಾಯಿತು. ಪಕ್ಕದ ಮನೆಯ ಗೌರಮ್ಮ ಒಣಗಲು ಹಾಕಿದ್ದ ಸೀರೆಗಳೆಲ್ಲ ಇನ್ನೊಮ್ಮೆ ಒದ್ದೆಯಾದವು. ಕಾರಿನ ಹಳೇ ಟ್ಯೂಬುಗಳಿಗೆ ಗಾಳಿ ತುಂಬಿಸಿದ್ದೂ ಆಯಿತು.

"ಅಪ್ಪಾ, ನಿಮಗೆ ಈಜು ಬರುತ್ತಾ?"

"ದೋಣಿಗೆ ಬರುತ್ತಲ್ಲ, ನಂಗ್ಯಾಕೆ?" ಅಪ್ಪ ನಕ್ಕರು. ಆದರೆ ಆ ನಗು ಬೇಗ ಮುಗಿದುಹೋಯಿತು.

ಹೊರಡುವ ದಿನ ಡ್ರೈವರ್ ಪಿಳ್ಳಣ್ಣ ಲಾರಿ ತಂದ. ಹತ್ತು ಜನ ಸೇರಿ ದೋಣಿಯನ್ನು ಲಾರಿಗೆ ಏರಿಸಿದರು. ಈಗ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ದೋಣಿಗೆ ಚಕ್ರವೇ ಇಲ್ಲ. ಸ್ವಲ್ಪ ಚರ್ಚೆಯಾಗಿ, ಲಾರಿಯ ಚಕ್ರಗಳೇ ದೋಣಿಯ ಚಕ್ರಗಳೆಂದು ತೀರ್ಮಾನವಾಯಿತು. ಅಪ್ಪ ಆಗಲೇ ಸೊಂಟಕ್ಕೆ ಟ್ಯೂಬು ಸಿಕ್ಕಿಸಿಕೊಂಡು ಲಾರಿಯ ಮೇಲಿನ ದೋಣಿಯಲ್ಲಿ ಕೂತಿದ್ದರು. ಅಜ್ಜಿ ಸಾಂಬ್ರಾಣಿ ಹೊಗೆ ಹಾಕಿದರು. ಹೊಗೆ ನೇರವಾಗಿ ನಳಿನಿಯ ಮೂಗಿಗೆ ನುಗ್ಗಿತು.

"ಆಕ್ಷೀ!"

ಕಾಯಿ ಒಡೆಯಲು ಎತ್ತಿದ್ದ ಅಜ್ಜಿಯ ಕೈ ಹಾಗೇ ನಿಂತಿತು.

"ಅಯ್ಯೋ, ಒಂಟಿ ಸೀನು! ಹೊರಡೋ ಹೊತ್ತಲ್ಲಿ! ಇನ್ನು ನೀರಿಗಿಳಿಯೋ ಹಾಗೇ ಇಲ್ಲ!"

"ತಡೀರಿ ನಾಗಲಕ್ಷ್ಮಮ್ನೋರೆ," ಎಂದರು ಗೌರಮ್ಮ. "ಇನ್ನೊಂದು ಬಂದ್ರೆ ಜೋಡಿ ಸೀನು. ಅದು ಶುಭ ಅಲ್ವಾ?"

ಎಲ್ಲರ ಕಣ್ಣೂ ನಳಿನಿಯ ಮೂಗಿನ ಮೇಲೆ ನೆಟ್ಟಿತು. ದೂರದಲ್ಲಿದ್ದವರು ಹತ್ತಿರ ಬಂದರು. ಒಬ್ಬರು ತಮ್ಮ ಮಗುವನ್ನು ಎತ್ತಿ ಹಿಡಿದು ಅವಳ ಮೂಗನ್ನು ತೋರಿಸಿದರು.

"ನಸ್ಯ ಇದೆ, ಕೊಡ್ಲಾ ಅಜ್ಜಿ?" ಪಿಳ್ಳಣ್ಣ ಕೇಳಿದ.

"ಬೇಡ! ಬರಿಸಿಕೊಂಡ ಸೀನು ಲೆಕ್ಕಕ್ಕಿಲ್ಲ. ತಾನಾಗೇ ಬರ್ಬೇಕು."

"ಬೇಗ ಸೀನಮ್ಮ ಪುಟ್ಟಿ. ಇವತ್ತು ಬಿಟ್ರೆ ನಾನು ಮಂಗಳೂರು ಕಡೆ ಹೋಗೋದು ಮಳೆಗಾಲ ಮುಗಿದ್ಮೇಲೇನೇ," ಎಂದ ಪಿಳ್ಳಣ್ಣ.

ಮಳೆಗಾಲ ಮುಗಿಯುವಾಗ ಸ್ಕೂಲು. ಅಂದರೆ ಸಮುದ್ರವೇ ಇಲ್ಲ. ಆದರೆ ನಳಿನಿಗೆ ಭಯವಿರಲಿಲ್ಲ. ಎರಡನೆಯ ಸೀನು ಬರುತ್ತಿತ್ತು. ಮೂಗಿನ ಒಳಗೆ ಕಚಗುಳಿ ಶುರುವಾಗಿತ್ತು. ಅವಳು ಖುಷಿಯಿಂದ ತಲೆಯೆತ್ತಿ ಅಪ್ಪನ ಕಡೆ ನೋಡಿದಳು.

ಇಡೀ ಬೀದಿ ಅವಳ ಮೂಗನ್ನು ನೋಡುತ್ತಿದ್ದರೆ, ಅಪ್ಪ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ಎರಡೂ ಕೈಗಳಿಂದ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. 'ಬೇಡ ದೇವರೇ, ಬೇಡ, ಬೇಡ.'

ಅಪ್ಪನಿಗೆ ನೀರೆಂದರೆ ಭಯ. ದೋಣಿಗೆ ಪೇಂಟು ಬಳಿಯುವಾಗಲೂ, ಟ್ಯೂಬಿಗೆ ಗಾಳಿ ತುಂಬುವಾಗಲೂ ಆ ಭಯ ಇತ್ತು. ಯಾರಿಗೂ ಹೇಳಲಾಗದೆ ಒಬ್ಬರೇ ಇಟ್ಟುಕೊಂಡಿದ್ದರು.

ಸೀನು ಮೂಗಿನ ತುದಿಗೇ ಬಂದುಬಿಟ್ಟಿತು. ನಳಿನಿ ಎರಡು ಬೆರಳಿನಿಂದ ಮೂಗನ್ನು ಒತ್ತಿ ಹಿಡಿದಳು. ಉಸಿರು ಕಟ್ಟಿದಳು. ಮುಖ ಕೆಂಪಾಯಿತು, ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಅದರಲ್ಲಿ ಸ್ವಲ್ಪ ಸೀನಿಗೆ, ಉಳಿದದ್ದೆಲ್ಲ ಸಮುದ್ರಕ್ಕೆ.

"ಬರ್ಲಿಲ್ಲ ಅಜ್ಜಿ," ಎಂದಳು ಕೊನೆಗೆ. "ಹೋಯ್ತು."

"ಛೇ ಛೇ ಛೇ!" ಅಪ್ಪ ಎಲ್ಲರಿಗಿಂತ ಜೋರಾಗಿ ಹಲುಬಿದರು. "ಎಂಥಾ ಟ್ರಿಪ್ಪು ತಪ್ಪಿಹೋಯ್ತು! ನಾನಂತೂ ರೆಡಿ ಇದ್ದೆ!" ಎನ್ನುತ್ತಾ ಎಲ್ಲರಿಗಿಂತ ಮೊದಲೇ ಲಾರಿಯಿಂದ ಇಳಿದರು.

ನಳಿನಿ ಅಲ್ಲಿ ನಿಲ್ಲಲಿಲ್ಲ. ಮನೆಯ ಹಿಂದಿನ ಬಚ್ಚಲಿಗೆ ಓಡಿ, ಬಾಗಿಲ ಮರೆಗೆ ನಿಂತು, ತಡೆದಿದ್ದನ್ನೆಲ್ಲ ಒಟ್ಟಿಗೆ ಬಿಟ್ಟಳು.

"ಆಕ್ಷೀ! ಆಕ್ಷೀ! ಆಕ್ಷೀ!"

ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಟ್ಯೂಬು ಇನ್ನೂ ಸೊಂಟದಲ್ಲೇ ಇತ್ತು. ಅವರು ಅವಳ ಮುಖ ನೋಡಿದರು, ಅವಳು ಅವರ ಮುಖ ನೋಡಿದಳು.

"ಯಾರೇ ಅದು ಸೀನಿದ್ದು?" ಅಂಗಳದಿಂದ ಅಜ್ಜಿ ಕೂಗಿದರು.

"ನಾನಮ್ಮಾ," ಎಂದರು ಅಪ್ಪ. "ನಾನೇ."

ಆಮೇಲೆ ಜೇಬಿನಿಂದ ಕರ್ಚೀಫು ತೆಗೆದು ನಳಿನಿಯ ಕೈಗೆ ಕೊಟ್ಟರು.